ಕೋಣೆಯ ಗೋಡೆಗೆ ಡಿಸ್ಟೆಂಪರ್, ಎಮಲ್ಷನ್, ವಾಲ್‌ಪೇಪರ್: ಯಾವುದು ಹಾಕಿಸೋದು?

ಮಕ್ಕಳ ಕೋಣೆಗೆ ಯಾವುದು ಸರಿ ಅಂತ ಕೇಳಿದ್ದೀರಿ. ಖರ್ಚು ನೋಡಿದರೆ ಡಿಸ್ಟೆಂಪರ್ (ಸೀಮೆಸುಣ್ಣದ ಪುಡಿ ಸೇರಿದ, ನೀರಲ್ಲಿ ಕಲಸುವ ಬಣ್ಣ) ಅಗ್ಗ, ಬಾಡಿಗೆ ಮನೆಗೆ ಸಾಕು. ಆದರೆ ಒದ್ದೆ ಬಟ್ಟೆಯಿಂದ ಜೋರಾಗಿ ಉಜ್ಜಿದರೆ ಬಣ್ಣವೇ ಬಟ್ಟೆಗೆ ಬರುತ್ತದೆ. ಕ್ರೇಯಾನ್ ಹಿಡಿದ ಮಗು ಇರುವ ಮನೆಗೆ ತೊಳೆಯಬಹುದಾದ ಎಮಲ್ಷನ್ನೇ (ಪ್ಲಾಸ್ಟಿಕ್ ಅಂಶವಿರುವ ನೀರಿನ ಬಣ್ಣ) ಒಳ್ಳೆಯದು. ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ.

ವಾಲ್‌ಪೇಪರ್ ಒಂದೇ ದಿನದಲ್ಲಿ ಕೋಣೆಯ ಕಳೆಯನ್ನೇ ಬದಲಿಸುತ್ತದೆ, ಆ ಖುಷಿಯೇ ಬೇರೆ ಅಲ್ವಾ? ಒಂದೇ ಗೋಡೆಗೆ ಹಾಕಿದರೂ ಚೆಂದ. ಆದರೆ ಮಂಗಳೂರು, ಆಗುಂಬೆ ಕಡೆ ಮಳೆಗಾಲದಲ್ಲಿ ಅಂಚು ಏಳಬಹುದು, ಹಿಂದೆ ಬೂಷ್ಟು ಹಿಡಿಯಬಹುದು. ಕಲಬುರಗಿಯ ಒಣ ಹವೆಗೆ ಆ ಭಯ ಕಡಿಮೆ.

ಗೋಡೆಯಲ್ಲಿ ತೇವ ಇದ್ದರೆ ಮೊದಲು ಸೋರಿಕೆ ನಿಲ್ಲಿಸಿ, ಚೆನ್ನಾಗಿ ಒಣಗಲು ಬಿಡಿ. ಇಲ್ಲದಿದ್ದರೆ ಎಮಲ್ಷನ್ನೂ ಗುಳ್ಳೆ ಎದ್ದು ಪುಟ್ಟಿ (ಗೋಡೆ ನಯವಾಗಲು ಬಣ್ಣದ ಕೆಳಗೆ ಬಳಿಯುವ ಪದರ) ಸಮೇತ ಸುಲಿಯುತ್ತದೆ.