ತೋಟಕ್ಕೊಂದು ಲೈಸನ್ಸ್ ಕೋವಿ: ಕಡಿಮೆ ದುಡ್ಡಿಗೆ ಹಳೆಯ ಜೋಡು ನಳಿಗೆಯೇ ಲೇಸು

ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ದೇಲಂಪಾಡಿ ಕಡೆ ಕಾಡುಹಂದಿ ಉಪದ್ರದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಕೇಳುತ್ತಾರೆ: ಆಟೋಮ್ಯಾಟಿಕ್ ಕೋವಿ ಸಿಕ್ಕೀತಾ? ಸಿಕ್ಕುವುದಿಲ್ಲ. ಟ್ರಿಗರ್ ಒತ್ತಿ ಹಿಡಿದಷ್ಟು ಹೊತ್ತು ಗುಂಡು ಹಾರುತ್ತಲೇ ಇರುವ ಆಯುಧವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ನಿಷೇಧಿತ ಎಂದಿದೆ. ಕೇಂದ್ರ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಅದನ್ನು ಕೊಡುವ ಅಧಿಕಾರ ಜಿಲ್ಲಾಧಿಕಾರಿಗೂ ಇಲ್ಲ. 2019ರ ತಿದ್ದುಪಡಿಯ ನಂತರ ಸಿಕ್ಕಿಬಿದ್ದವರಿಗೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಜೈಲು. ಯಾರಾದರೂ ಅಗ್ಗದಲ್ಲಿ ತಂದುಕೊಡುತ್ತೇನೆ ಎಂದರೆ ಅಲ್ಲಿಂದ ಎದ್ದು ಬರುವುದೇ ಸರಿ.

ಕಾಯ್ದೆಯ ಒಳಗೆ ನಮಗೆ ಸಿಗುವಂಥವು ಕೇಪಿನ ಕೋವಿ, 12 ಬೋರಿನ (ಬೋರು ಅಂದರೆ ನಳಿಗೆಯ ತೂತಿನ ಅಳತೆ) ಒಂಟಿ ನಳಿಗೆ, ಜೋಡು ನಳಿಗೆ, ನಳಿಗೆಯ ಅಡಿಯ ಹಿಡಿಯನ್ನು ಹಿಂದೆಮುಂದೆ ಎಳೆದು ಈಡು ತುಂಬುವ ಪಂಪ್ ಆಕ್ಷನ್, ಮತ್ತೆ .315 ರೈಫಲ್. ಕೃಷಿ ರಕ್ಷಣೆಗೆ ಕಾಯ್ದೆ ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿಯನ್ನೇ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ 20 ಇಂಚಿಗಿಂತ ಕಡಿಮೆಯಿಲ್ಲದ ನಳಿಗೆಯ, ತೋಟಾ (ಕಾಡತೂಸು) ಹಾಕುವ ಕೋವಿ ಕೊಡಬಹುದು. ಹಾಗಾಗಿ ಅರ್ಜಿಯಲ್ಲಿ ಬರೇ 'ಕೃಷಿ ರಕ್ಷಣೆ' ಎಂದು ಬರೆದು ಬಿಡಬೇಡಿ. ಮಳೆಗಾಲದಲ್ಲಿ ಮದ್ದು ಥಂಡಿ ಹಿಡಿಯುತ್ತದೆ, ಒಂದು ಈಡು ತಪ್ಪಿದರೆ ಮತ್ತೆ ತುಂಬಲು ಹೊತ್ತು ಬೇಕು ಎಂಬುದನ್ನು ಬಿಡಿಸಿ ಬರೆಯಿರಿ.

.315 ರೈಫಲ್ ಒಳ್ಳೆಯ ಆಯುಧವೇ, ಆದರೆ ನಮ್ಮ ತೋಟಗಳಿಗಲ್ಲ. ಅದರ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಇಲ್ಲಿ ಗುಡ್ಡದ ಆಚೆ ಮನೆ, ತೋಟದ ಈಚೆ ಮನೆ. ರಾತ್ರಿ ಹೊತ್ತು ಹಿಂದೆ ಏನಿದೆ ಎಂದು ಕಾಣುವುದಿಲ್ಲ. ಪಂಪ್ ಆಕ್ಷನ್ ನೋಡಲು ಚೆಂದ, ಒಂದರ ಹಿಂದೊಂದು ಈಡು ಹೊಡೆಯಬಹುದು. ಆದರೆ ಗಡಿಬಿಡಿಯಲ್ಲಿ ಪಂಪನ್ನು ಪೂರ್ತಿ ಹಿಂದಕ್ಕೆ ಎಳೆಯದಿದ್ದರೆ ಖಾಲಿ ತೋಟಾ ಹೊರಗೆ ಬೀಳುವುದಿಲ್ಲ, ಹೊಸದು ಅದಕ್ಕೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಥಂಡಿಗೆ ಉಬ್ಬಿದ ತೋಟಾ ಇದ್ದರಂತೂ ಹೇಳುವುದೇ ಬೇಡ. ಒಳಗೆ ತೋಟಾ ಉಳಿದಿದೆಯೋ ಇಲ್ಲವೋ ಎಂದು ಹೊರಗಿನಿಂದ ಗೊತ್ತಾಗದಿರುವುದು ಇದರ ಇನ್ನೊಂದು ದೊಡ್ಡ ಅವಗುಣ. ಜೋಡು ನಳಿಗೆಯನ್ನು ಮಡಚಿದರೆ ಎರಡು ತೂತೂ ಕಣ್ಣೆದುರು ಇರುತ್ತವೆ. ಮಕ್ಕಳುಮರಿ ಇರುವ ಮನೆಗೆ ಇದೊಂದೇ ಕಾರಣ ಸಾಕು.

ಹೊಸದಕ್ಕೆ ದುಡ್ಡು ಸಾಲದಿದ್ದರೆ ಬೇಸರ ಬೇಡ. ಅಜ್ಜಂದಿರ ಕಾಲದ ಎಷ್ಟೋ ಜೋಡು ನಳಿಗೆಗಳು, ಲೈಸನ್ಸ್ ಮುಂದುವರಿಸುವವರಿಲ್ಲದೆ ಡೀಲರುಗಳ ಕೈಗೆ ಬರುತ್ತವೆ. ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಯವು ಒರಟಾಗಿದ್ದರೂ ಗಟ್ಟಿ. ವೆಬ್ಲಿ ಸ್ಕಾಟಿನಂಥ ಹಳೆಯ ಇಂಗ್ಲಿಷ್ ಕೋವಿಗಳು ಹಗುರ, ಭುಜಕ್ಕೆ ಚೆನ್ನಾಗಿ ಕೂರುತ್ತವೆ. ಬಿಡಿಭಾಗ ಹೋದರೆ ಮಾತ್ರ ಕಷ್ಟ. ಗ್ರೀನರ್ ಎಂಬ ಇಂಗ್ಲಿಷ್ ಕಂಪೆನಿಯ ಜಿಪಿ ಒಂಟಿ ನಳಿಗೆ ಕಂಡರೆ ಅದನ್ನೂ ಕಡೆಗಣಿಸಬೇಡಿ, ಬಹಳ ಬಾಳಿಕೆಯ ಕೋವಿ.

ಹಳೆಯದನ್ನು ಪರೀಕ್ಷಿಸುವುದರಲ್ಲೇ ಎಲ್ಲ ಇದೆ. ಮೊದಲು ಮಡಚಿ, ಎರಡೂ ಕಡೆ ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ. ಆಮೇಲೆ ನಳಿಗೆಯ ಅಡಿಯ ಮರದ ತುಂಡನ್ನು ತೆಗೆದುಬಿಡಿ. ಅದು ಇದ್ದರೆ ಅದರ ಸ್ಪ್ರಿಂಗ್ ಸಡಿಲವನ್ನು ಮುಚ್ಚಿಡುತ್ತದೆ. ಈಗ ಕೋವಿಯನ್ನು ಮುಚ್ಚಿ, ನಳಿಗೆಯನ್ನೂ ಹಿಡಿಯನ್ನೂ ಹಿಡಿದು ಅಲ್ಲಾಡಿಸಿ. ಟಕಟಕ ಅಂದರೆ ಸಂದು ಸವೆದಿದೆ. ಬೆಳಕಿಗೆ ಹಿಡಿದು ನಳಿಗೆಯ ಹಿಂಬದಿ ಕೂರುವ ಜಾಗದಲ್ಲಿ ನೋಡಿ, ಬೆಳಕಿನ ಗೆರೆ ಕಂಡರೆ ಆ ಕೋವಿ ಬೇಡ.

ನಳಿಗೆಯನ್ನು ಬಿಚ್ಚಿ, ಅಡಿಯ ಕೊಕ್ಕೆಯಿಂದ ತೂಗುಹಾಕಿ ಬೆರಳ ಗಂಟಿನಿಂದ ತಟ್ಟಬೇಕು. ಗಂಟೆಯಂತೆ ನಾದ ಬಂದರೆ ನಳಿಗೆಗಳ ನಡುವಿನ ಬೆಸುಗೆ ಗಟ್ಟಿ ಇದೆ. ಒಡಕು ಸದ್ದು ಬಂದರೆ ಬೆಸುಗೆ ಬಿಟ್ಟಿದೆ, ಆ ಸಂದಿಗೆ ನೀರು ಇಳಿದು ಒಳಗಿಂದ ತುಕ್ಕು ತಿನ್ನುತ್ತದೆ. ಒಳಗನ್ನು ಆಕಾಶದ ಬೆಳಕಿಗೆ ಹಿಡಿದು ನೋಡುವಾಗ ನೆರಳಿನ ಉಂಗುರ ಕಂಡಿತೋ, ಅಲ್ಲಿ ನಳಿಗೆ ಉಬ್ಬಿದೆ. ಏನಾದರೂ ಕಟ್ಟಿಕೊಂಡಿದ್ದಾಗ ಹೊಡೆದರೆ ಹೀಗಾಗುತ್ತದೆ. ಮಣ್ಣು ಮಾತ್ರವಲ್ಲ, ಮೂಲೆಯಲ್ಲಿ ನಿಲ್ಲಿಸಿದ ಕೋವಿಯ ಬಾಯಿಯಲ್ಲಿ ಕಣಜ ಗೂಡು ಕಟ್ಟುವುದು ನಮ್ಮಲ್ಲಿ ಹೊಸತಲ್ಲ. ಬಾಯಿಯ ಹತ್ತಿರ ಸಣ್ಣ ತುಕ್ಕಿನ ಗುಳಿ ಇದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ತೋಟಾ ಕೂರುವ ಕಡೆಯಲ್ಲಿ ಗುಳಿ ಇದ್ದರೆ ಬಿಟ್ಟುಬಿಡಿ, ಒತ್ತಡ ಅತಿ ಹೆಚ್ಚು ಬೀಳುವುದು ಅಲ್ಲೇ.

ತೋಟಾ ಕೂರುವ ಕೋಣೆಯ ಉದ್ದವನ್ನು ತಿಳಿಯದೆ ದುಡ್ಡು ಕೊಡಬಾರದು. ಹಳೆಯವು 65 ಮಿ.ಮೀ., ನಂತರದವು ಹೆಚ್ಚಾಗಿ 70 ಮಿ.ಮೀ. ಇಂಗ್ಲಿಷ್ ಕೋವಿಯಲ್ಲಿ ಎರಡೂವರೆ ಇಂಚು ಅಥವಾ ಎರಡೂ ಮುಕ್ಕಾಲು ಇಂಚು ಎಂಬ ಗುರುತು ನಳಿಗೆಯ ತಳದಲ್ಲಿ ಇರುತ್ತದೆ. ಮೋಸ ಹೋಗುವುದು ಎಲ್ಲಿ ಎಂದರೆ, 70ರ ತೋಟಾ 65ರ ಕೋಣೆಯಲ್ಲಿ ಸಲೀಸಾಗಿ ಕೂರುತ್ತದೆ. ಉದ್ದ ಲೆಕ್ಕ ಹಾಕುವುದು ಹೊಡೆದು ಬಾಯಿ ಬಿಚ್ಚಿದ ಮೇಲೆ. ಬಿಚ್ಚಿದ ಬಾಯಿ ಮುಂದಿನ ಕಿರಿದಾದ ಜಾಗಕ್ಕೆ ತಳ್ಳಿಕೊಂಡು ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ನಳಿಗೆಯ ಮೇಲೆ ಸುರುಳಿ ಸುರುಳಿಯಾದ ವಿನ್ಯಾಸ ಕಂಡರೆ ಅದು ಡಮಾಸ್ಕಸ್ ನಳಿಗೆ, ಕರಿಮದ್ದಿನ ಕಾಲದ್ದು; ಗೋಡೆಗೆ ಚೆಂದ, ಇಂದಿನ ತೋಟಾಕ್ಕೆ ಬೇಡ.

ತೋಟಾದ ತಳಕ್ಕೆ ಬಡಿಯುವ ಪಿನ್ನು ಬೀಳುವುದನ್ನು ನೋಡಲು ಮದ್ದಿಲ್ಲದ ಡಮ್ಮಿ ತೋಟಾ ಹಾಕಿಯೇ ಎರಡೂ ಟ್ರಿಗರ್ ಎಳೆಯಿರಿ, ಖಾಲಿ ಹೊಡೆದರೆ ಪಿನ್ನು ಮುರಿಯಬಹುದು. ಮತ್ತೆ ಡಮ್ಮಿ ತೋಟಾದಲ್ಲೇ ಕುದುರೆ (ಪಿನ್ನನ್ನು ಹೊಡೆಯುವ ಸುತ್ತಿಗೆ) ಏರಿಸಿ, ಸೇಫ್ಟಿ ಹಾಕಿ, ಹಿಡಿಯ ತಳವನ್ನು ರಬ್ಬರ್ ಚಾಪೆಯ ಮೇಲೆ ಒಮ್ಮೆ ಕುಟ್ಟಬೇಕು. ಕುದುರೆ ಬಿದ್ದರೆ ಆ ಕೋವಿ ಮನೆಗೆ ಬರಬಾರದು. ಹೆಚ್ಚಿನ ಜೋಡು ನಳಿಗೆಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ, ಕುದುರೆಯನ್ನಲ್ಲ. ಕೊನೆಗೆ ಹಿಡಿಯ ಕತ್ತು ಸಪೂರವಾಗುವ ಜಾಗದಲ್ಲಿ ಬಿರುಕು ಇದೆಯೇ ನೋಡಿ. ಎಣ್ಣೆ ಕುಡಿದು ಕಪ್ಪಾದ ಮರ ಅಲ್ಲೇ ಒಡೆಯುವುದು.

ಕಾಗದಪತ್ರದಲ್ಲಿ ಎಡವುವವರು ಹೆಚ್ಚು. ಕೋವಿಯ ಮೇಲಿನ ನಂಬರು ಮಾರುವವರ ಲೈಸನ್ಸಿನ ನಂಬರಿಗೆ ಅಕ್ಷರಶಃ ಹೊಂದಬೇಕು. ಡೀಲರನ್ನು ಬಿಟ್ಟು ನೇರ ಮಾರಾಟವಾದರೆ, ಮಾರುವವರು ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಪೊಲೀಸ್ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಳೆಯಬೇಕು. ತುರ್ತು ಇದ್ದವರು ಡೀಲರ ಮೂಲಕವೇ ಹೋಗಲಿ. ಮಂಜೇಶ್ವರದವರಿಗೆ ಮಂಗಳೂರು ಹತ್ತಿರವೆಂದು ತೋಟಾಕ್ಕೋ ರಿಪೇರಿಗೋ ಕೋವಿ ಹಿಡಿದು ತಲಪಾಡಿ ದಾಟುವ ಮೊದಲು ಲೈಸನ್ಸಿನಲ್ಲಿ ಯಾವ ಪ್ರದೇಶಕ್ಕೆ ಮಾನ್ಯ ಎಂದಿದೆಯೋ ಅದನ್ನು ಓದಿ. ಕೇರಳ ಎಂದಷ್ಟೇ ಇದ್ದರೆ ಕರ್ನಾಟಕದ ನೆಲದಲ್ಲಿ ಅದು ಲೈಸನ್ಸಿಲ್ಲದ ಕೋವಿ. ಹಾಗೆಯೇ ಲೈಸನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗಿರುವ ವಿನಾಯಿತಿ ಕೊಡಗಿನ ಗಡಿಯ ಪಾಣತ್ತೂರಿನ ಈಚೆಯ ನಮಗೆ ಅನ್ವಯಿಸುವುದಿಲ್ಲ, ಗೆಳೆಯರ ಕೋವಿ ಎಂದು ತಂದಿಟ್ಟುಕೊಳ್ಳುವಂತಿಲ್ಲ.

ಲೈಸನ್ಸ್ ಇದ್ದರೆ ಹಂದಿ ಹೊಡೆಯಬಹುದು ಎಂದು ತಿಳಿದವರೂ ಇದ್ದಾರೆ. ಅದಕ್ಕೆ ಪ್ರತ್ಯೇಕ ಆದೇಶ ಬೇಕು. 2022ರಲ್ಲಿ ಕೇರಳ ಸರ್ಕಾರ ಆ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೂ ಕೊಟ್ಟಿತು, ಆದ್ದರಿಂದ ಮೊದಲು ಪಂಚಾಯತಿಗೆ ಹೋಗಿ. ಎಳನೀರು ಹಾಳು ಮಾಡುವ ಮಂಗನ ಮೇಲೆ ಕೋವಿ ಎತ್ತಲೇಬಾರದು. 2022ರ ವನ್ಯಜೀವಿ ತಿದ್ದುಪಡಿ ಅದನ್ನು ಅತಿ ಹೆಚ್ಚು ರಕ್ಷಣೆಯ ಮೊದಲ ಪಟ್ಟಿಗೆ ಸೇರಿಸಿದೆ.

ಕೊಂಡ ಮೇಲೆ ನಮ್ಮ ಮಳೆಯೇ ಅದರ ಶತ್ರು. ಹೊಡೆದ ದಿನವೇ ಹಿತ್ತಾಳೆ ಬ್ರಷ್ಷು ಎಳೆದು, ಒಣಬಟ್ಟೆ ಹಾಯಿಸಿ, ತೆಳು ಕೋವಿ ಎಣ್ಣೆ ಹಚ್ಚಿ. ತೆಂಗಿನೆಣ್ಣೆ ಬೇಡ, ಸಂದಿಯಲ್ಲಿ ಅಂಟಾಗಿ ಪಿನ್ನು ನಿಧಾನವಾಗುತ್ತದೆ. ಚರ್ಮದ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಚರ್ಮ ಎಳೆದುಕೊಂಡ ಥಂಡಿ ಪೂರ್ತಿ ನಳಿಗೆಗೆ ಹೋಗುತ್ತದೆ. ಬೀಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಬಾಯಿ ಕೆಳಗೆ ಮಾಡಿ ನಿಲ್ಲಿಸಿದರೆ ಎಣ್ಣೆ ಹಿಡಿಯ ಮರಕ್ಕೆ ಇಳಿಯುವುದಿಲ್ಲ. ತೋಟಾಗಳು ಬೇರೆ ಬೀಗದಲ್ಲಿ, ಗಾಳಿಯಾಡದ ಡಬ್ಬಿಯಲ್ಲಿ ಇರಲಿ. ಲೈಸನ್ಸಿನ ಅವಧಿ ಈಗ 5 ವರ್ಷ. ಚುನಾವಣೆ ಬಂದಾಗ ಠಾಣೆಯಲ್ಲೋ ಡೀಲರಲ್ಲೋ ಕೋವಿ ಇಡಬೇಕಾಗಿ ಬರುವುದರಿಂದ, ಕೊಡುವ ಮುಂಚೆ ಎಣ್ಣೆ ಹಚ್ಚಿ, ರಸೀದಿಯಲ್ಲಿ ನಂಬರನ್ನೂ ಕೋವಿಯ ಸ್ಥಿತಿಯನ್ನೂ ಬರೆಸಿಕೊಳ್ಳಿ.