ಒಂದೇ ಕಂಪನಿಯ ಊರೋ, ಹತ್ತು ಕಂಪನಿಗಳ ಊರೋ?

ಎರಡು ಕಡೆ ಕೆಲಸ ಸಿಕ್ಕಿದೆ, ಸಂಬಳವೂ ಹೆಚ್ಚುಕಡಿಮೆ ಒಂದೇ ಅನ್ನಿ. ಆಗ ಮೊದಲ ತಿಂಗಳ ಸಂಬಳಕ್ಕಿಂತ ಮೂರನೇ ವರ್ಷದ ಮಾತುಕತೆಯನ್ನು ನೆನೆಸಿಕೊಳ್ಳಿ.

ನಿಮ್ಮ ಕಸುಬಿಗೆ ಒಂದೇ ಕಂಪನಿ ಇರುವ ಕಡೆ, ಸಂಬಳ ಜಾಸ್ತಿ ಮಾಡಿ ಅಂದರೆ ಎದುರಿಗಿರುವವರು ಸುಮ್ನೆ ಫೈಲ್ ಮುಚ್ಚಿಡುತ್ತಾರೆ. ನೀವು ಬೇರೆಲ್ಲೂ ಹೋಗಲಾರಿರಿ ಅಂತ ಅವರಿಗೆ ಗೊತ್ತು, ಅಲ್ವಾ? ದುಡಿಮೆಗೆ ತಕ್ಕಷ್ಟು ಕೊಡದಿದ್ದರೂ ಜನ ಉಳಿಯುತ್ತಾರೆ. 1933ರಲ್ಲಿ ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ ಇದನ್ನೇ ಮೊನಾಪ್ಸನಿ (ಕೊಳ್ಳುವವರು ಒಬ್ಬರೇ ಇರುವ ಮಾರುಕಟ್ಟೆ; ಇಲ್ಲಿ ದುಡಿಮೆಯನ್ನು ಕೊಳ್ಳುವ ಒಂದೇ ಕಂಪನಿ) ಎಂದು ಕರೆದರು. ಅಲ್ಲಿ ಗಟ್ಟಿಯಾದ ಕಾರ್ಮಿಕ ಸಂಘವಿದ್ದರೆ ಮಾತ್ರ ಲೆಕ್ಕ ಬೇರೆ.

ಹತ್ತು ಕಂಪನಿಗಳಿರುವ ಕಡೆ ಬಾಡಿಗೆ ಜಾಸ್ತಿ ಇರಬಹುದು. ಆದರೆ ಇನ್ನೊಂದು ಕಂಪನಿಯ ಆಫರ್ ಲೆಟರ್ ಮೇಜಿನ ಮೇಲಿಟ್ಟರೆ ಮಾತಿನ ಧಾಟಿಯೇ ಬದಲಾಗುತ್ತದೆ. ನಾನಾದರೆ ಇದನ್ನೇ ಆರಿಸುತ್ತೇನೆ. ಸಹಿ ಹಾಕುವ ಮುಂಚೆ ಕರಾರು ಪೂರ್ತಿ ಓದಿ. ಪೈಪೋಟಿ ಕಂಪನಿಗೆ ಸೇರುವಂತಿಲ್ಲ ಎಂಬ ಸಾಲಿದ್ದರೆ ತೆಗೆಸಿ.