ಘಟ್ಟದ ಹಳಿಗೆ ಯಾವ ಬಣ್ಣದ ಜಲ್ಲಿ?

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ಇಳಿಯುವ ಘಟ್ಟದ ರೈಲು ಹಳಿಯ ಒಂದು ತಿರುವಿನ ಮಾದರಿಯನ್ನು 1:87 ಅಳತೆಯಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲಿಗೆ ಇಳಿಸಿ, ಮನೆಯೊಳಗೆ ಕಟ್ಟುತ್ತಿದ್ದೇನೆ. ಅಲ್ಲಿರುವ 57 ಸುರಂಗಗಳಲ್ಲಿ ನನ್ನ ಮೇಜಿಗೆ ದಕ್ಕಿದ್ದು ಒಂದೇ. ಸುರಂಗ, ಸೇತುವೆ ಎರಡೂ ಮುಗಿದವು. ಜಲ್ಲಿಯ ಬಣ್ಣದ ಹತ್ತಿರ ಬಂದು ಕೆಲಸ ನಿಂತಿತು. ಕೊನೆಗೆ ಒಂದೊಂದು ಅಡಿಯ ಮೂರು ಹಲಗೆಗಳ ಮೇಲೆ ಹಳಿ ಕೂರಿಸಿ, ಮೂರು ಬಗೆಯ ಜಲ್ಲಿ ಹಾಕಿ ನೋಡಿದೆ.

ಮೊದಲನೆಯದು ಅಂಗಡಿಯಲ್ಲಿ ಸಿಗುವ ತಿಳಿಬೂದು ಬಣ್ಣದ ಪೊಟ್ಟಣ. ಅದು ಕಲ್ಲಲ್ಲ, ಅಕ್ರೋಟಿನ ಚಿಪ್ಪನ್ನು ಪುಡಿಮಾಡಿ ಬಣ್ಣ ಕೊಟ್ಟದ್ದು. ಹರಡುವುದು ಸುಲಭ. ಆದರೆ ಅಂಟಿನ ಮೊದಲ ಹನಿ ಬೀಳುತ್ತಲೇ ಕಾಳುಗಳು ತೇಲಿ ಹಳಿಯ ಮೈಗೆ ಹತ್ತಿಕೊಂಡವು. ಎಲ್ಲ ಕಾಳಿಗೂ ಒಂದೇ ಬಣ್ಣವಾದ್ದರಿಂದ ನಾಲ್ಕು ಹೆಜ್ಜೆ ಹಿಂದೆ ನಿಂತರೆ ಸಿಮೆಂಟು ಬಳಿದ ಹಾಗೆ ಕಾಣುತ್ತದೆ. ನನಗೆ ಹಿಡಿಸಲಿಲ್ಲ.

ಎರಡನೆಯದು ಮನೆ ಕಟ್ಟುವವರು ತರಿಸುವ ಎಂ-ಸ್ಯಾಂಡ್. ನಿಜವಾದ ಹಳಿಯ ಜಲ್ಲಿ ಹೆಚ್ಚುಕಡಿಮೆ 20ರಿಂದ 65 ಮಿಲಿಮೀಟರ್. ಈ ಅಳತೆಗೆ ಇಳಿಸಿದರೆ ಮುಕ್ಕಾಲು ಮಿಲಿಮೀಟರಿಗಿಂತ ದಪ್ಪ ಕಾಳು ಇರಬಾರದು. ಹಾಗಾಗಿ ಜರಡಿ ಹಿಡಿದೆ, ಧೂಳು ಹೋಗುವವರೆಗೆ ತೊಳೆದೆ, ಒಣಗಿಸಿ ಅಯಸ್ಕಾಂತ ಆಡಿಸಿದೆ. ಆಡಿಸಿದ್ದು ಒಳ್ಳೆಯದೇ ಆಯಿತು: ಕಪ್ಪು ಕಣಗಳು ಮೀಸೆಯಂತೆ ಅಂಟಿಕೊಂಡು ಬಂದವು. ಅವು ಎಂಜಿನ್ನಿನ ಮೋಟಾರಿನೊಳಗೆ ಹೊಕ್ಕರೆ ಅದರ ಕಥೆ ಮುಗಿದಂತೆ.

ಒಣಗಿದ್ದಾಗ ಇದು ಬೂದಿ ಬಣ್ಣ. ನೀರು ಬೆರೆಸಿದ ಫೆವಿಕಾಲಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಸೇರಿಸಿ ಡ್ರಾಪರಿನಲ್ಲಿ ಬಿಟ್ಟೆ. ಮಾರನೆಯ ದಿನ ಅಂಟು ಒಣಗಿದ ಮೇಲೂ ಕಲ್ಲು ಗಾಢವಾಗಿಯೇ ಉಳಿದಿತ್ತು, ಜುಲೈ ತಿಂಗಳ ಘಟ್ಟದ ಹಾಗೆ. ಪೊಟ್ಟಣದ ಬಣ್ಣ ನೋಡಿ ಜಲ್ಲಿ ಆರಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಅಂಟು ಕುಡಿದ ಮೇಲಿನ ಬಣ್ಣವೇ ಬಣ್ಣ. ಅದನ್ನೂ ಮಾದರಿ ಇಡುವ ಕೋಣೆಯ ದೀಪದಲ್ಲಿಯೇ ನೋಡಬೇಕು.

ಮೂರನೆಯ ಹಲಗೆಗೆ ಮೂರು ಪಾಲು ಎಂ-ಸ್ಯಾಂಡ್, ಒಂದು ಪಾಲು ಬಿಳಿಗಲ್ಲಿನ ಪುಡಿ, ಒಂದು ಚಿಟಿಕೆ ಕೆಮ್ಮಣ್ಣು. ಗೆದ್ದದ್ದು ಇದೇ. ಘಟ್ಟದಲ್ಲಿ 50 ಅಡಿಗೆ ಒಂದು ಅಡಿ ಇಳಿಜಾರು. ಬ್ರೇಕ್ ಉಜ್ಜಿ ಉದುರುವ ಕಬ್ಬಿಣದ ಪುಡಿ ತುಕ್ಕು ಹಿಡಿದು ಹಳಿಗಳ ನಡುವಿನ ಜಲ್ಲಿ ಕಂದಾಗುತ್ತದೆ, ಅಂಚಿನದು ಬೂದಾಗಿಯೇ ಇರುತ್ತದೆ. ಆ ಕಂದು ಬರಲು ನಡುವೆ ಮಾತ್ರ ಒಣಕುಂಚದಿಂದ ಕಾವಿ ಸವರಿದೆ. ಬಿಳಿ ಟ್ಯೂಬ್‌ಲೈಟಿನಲ್ಲಿ ಸರಿಯಾಗಿದ್ದ ಕಾವಿ ಹಳದಿ ಬಲ್ಬಿನ ಕೆಳಗೆ ಇಟ್ಟಿಗೆಯಂತಾಯಿತು. ಅರ್ಧ ಒರೆಸಿ ತೆಗೆದೆ. ಹೊಸಪೇಟೆ–ಬಳ್ಳಾರಿಯ ಅದಿರಿನ ದಾರಿ ಕಟ್ಟುವವರು ಒರೆಸಬೇಕಾಗಿಲ್ಲ, ಇನ್ನಷ್ಟು ಸುರಿಯಬಹುದು.

ಸುರಂಗದ ಬಾಯಲ್ಲಿ ಮಾತ್ರ ಬೆರಕೆ ಬೇಡವೆನ್ನಿಸಿತು. ನೀರು ತೊಟ್ಟಿಕ್ಕುವ ಆ ನಾಲ್ಕು ಅಂಗುಲಕ್ಕೆ ಬರೀ ಎಂ-ಸ್ಯಾಂಡ್ ಹಾಕಿ, ಅಂಚಿಗೆ ಚೂರು ಪಾಚಿಯ ಹಸಿರು ಹಚ್ಚಿದ್ದೇನೆ.